ಕಾವಿಗೆ ಕೂತ ಕೋಳಿ: ಮೊಟ್ಟೆಯಿಂದ ಎರಡು ತಿಂಗಳ ಮರಿಯವರೆಗೆ

ಹಾಸನ ಜಿಲ್ಲೆಯ ನಮ್ಮ ತೋಟದ ಮನೆಯಲ್ಲಿ ಒಂದು ಮಳೆಗಾಲ ಮೂರು ಹೇಂಟೆಗಳನ್ನು ಒಟ್ಟಿಗೆ ಕಾವಿಗೆ ಕೂರಿಸಿದ್ದೆವು. 27 ಮರಿ ಹೊರಬಂದವು. ಅಕ್ಕಪಕ್ಕದ ತೋಟದವರೆಲ್ಲ ಬಂದು ನೋಡಿ ಹೋದರು. 40 ದಿನ ಕಳೆಯುವಷ್ಟರಲ್ಲಿ ಅಂಗಳದಲ್ಲಿ ಉಳಿದದ್ದು ಆರೇ ಮರಿ. ಎರಡನ್ನು ಹದ್ದು ಒಯ್ದಿತ್ತು, ಕಾಡುಬೆಕ್ಕು ಒಂದೇ ರಾತ್ರಿ ನಾಲ್ಕನ್ನು ಕೊಂದಿತ್ತು. ಉಳಿದ ಹದಿನೈದು ಜಡಿಮಳೆಯಲ್ಲಿ ನೆನೆದು, ರೆಕ್ಕೆ ಜೋಲುಬಿಟ್ಟು, ರಕ್ತಭೇದಿಯಾಗಿ ಒಂದೊಂದಾಗಿ ಸತ್ತವು. ಮೊಟ್ಟೆಯಿಂದ ಮರಿ ತೆಗೆಯುವ ಕೆಲಸವನ್ನು ಕೋಳಿ ಒಂದು ತಪ್ಪಿಲ್ಲದೆ ಮಾಡಿತ್ತು. ತಪ್ಪಿದ್ದೆಲ್ಲ ನಮ್ಮ ಪಾಲಿನ ಕೆಲಸ.

ಅಂದಿನಿಂದ ನಾನು ಲೆಕ್ಕ ಹಾಕುವ ದಿನವನ್ನೇ ಬದಲಿಸಿದೆ. ಎಷ್ಟು ಮರಿಯಾದವು ಎಂದು ಯಾರಾದರೂ ಕೇಳಿದರೆ ಅರವತ್ತನೆಯ ದಿನದ ಲೆಕ್ಕ ಹೇಳುತ್ತೇನೆ. ಈ ಬರಹವೂ ಆ ದಿನದವರೆಗೆ ಹೋಗುತ್ತದೆ. ಹಿತ್ತಿಲಲ್ಲಿ ನಾಲ್ಕಾರು ನಾಟಿಕೋಳಿ ಇಟ್ಟುಕೊಂಡು, ಮೊದಲ ಸಲ ಮರಿ ಮಾಡಿಸಲು ಹೊರಟವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಯಾವ ಕೋಳಿ, ಯಾವ ಕಾಲ

ಎಲ್ಲ ಕೋಳಿಗಳೂ ಕಾವಿಗೆ ಕೂರುವುದಿಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ ತಳಿಗಳು ಮೊಟ್ಟೆ ಹೆಚ್ಚು ಇಡುತ್ತವೆ. ಕಾವಿನ ಗುಣ ಮಾತ್ರ ಅವುಗಳಲ್ಲಿ ಅಪರೂಪ. ನಮ್ಮ ನಾಟಿಕೋಳಿ, ಉತ್ತರ ಕರ್ನಾಟಕದವರ ಜವಾರಿ ಕೋಳಿ, 10–15 ಮೊಟ್ಟೆ ಇಟ್ಟು ಮುಗಿಸುತ್ತಿದ್ದಂತೆ ತಾನಾಗಿ ಕಾವಿಗೆ ಬರುತ್ತದೆ. ಗಿರಿರಾಜದ ಮೊಟ್ಟೆಯನ್ನು ನಾಟಿಕೋಳಿಯ ಕೆಳಗಿಟ್ಟು ಮರಿ ಮಾಡಿಸುವವರು ಬಹಳ ಜನ ಇದ್ದಾರೆ. ತನ್ನ ಮೊಟ್ಟೆ, ಪರರ ಮೊಟ್ಟೆ ಎಂಬ ಭೇದ ಕೋಳಿಗಿಲ್ಲ.

ಕಾವು ಬಂದಿರುವುದನ್ನು ಗುರುತಿಸುವುದು ಸುಲಭ. ಮೊಟ್ಟೆ ಇಡುವ ಜಾಗದಿಂದ ಏಳುವುದಿಲ್ಲ. ಹತ್ತಿರ ಹೋದರೆ ಮೈಪುಕ್ಕ ಕೆದರಿಕೊಂಡು ಗುರುಗುಟ್ಟುತ್ತದೆ, ಕೈಯಿಟ್ಟರೆ ಕುಕ್ಕುತ್ತದೆ. ಎದ್ದು ಓಡಾಡುವಾಗ ಬಿಟ್ಟುಬಿಟ್ಟು ಕೊಕ್ ಕೊಕ್ ಎನ್ನುತ್ತಿರುತ್ತದೆ. ಎದೆಯ ಕೆಳಗಿನ ಪುಕ್ಕ ಉದುರಿ ಚರ್ಮ ಬೋಳಾಗಿರುತ್ತದೆ, ಮುಟ್ಟಿದರೆ ಬಿಸಿ. ಮೊಟ್ಟೆಗೆ ಮೈಯ ಬಿಸಿ ನೇರವಾಗಿ ತಾಗುವುದು ಆ ಬೋಳು ಚರ್ಮದಿಂದಲೇ. ಇಷ್ಟೆಲ್ಲ ಕಂಡರೂ ಅದೇ ದಿನ ಮೊಟ್ಟೆ ಇಡಬೇಡಿ. ಎರಡು ಮೂರು ಗೊಡ್ಡು ಮೊಟ್ಟೆಗಳ ಮೇಲೆ ಎರಡು ರಾತ್ರಿ ಕೂರಿಸಿ ನೋಡಿ. ರಾತ್ರಿ ಅಟ್ಟ ಹತ್ತಿ ಉಳಿದ ಕೋಳಿಗಳ ಜೊತೆ ಮಲಗಿದರೆ ಅದಕ್ಕೆ ಕಾವು ಇನ್ನೂ ಪೂರ್ತಿ ಬಂದಿಲ್ಲ.

ಕಾಲದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ದೀಪಾವಳಿ ಕಳೆದ ಮೇಲೆ ಶಿವರಾತ್ರಿಯವರೆಗೆ ಕೂರಿಸಿ. ಚಳಿಗೆ ತಾಯಿಯ ರೆಕ್ಕೆ ಇದೆ. ಮಳೆಗೆ ಆ ರೆಕ್ಕೆ ಸಾಲದು. ಏಪ್ರಿಲ್ ಬಿಸಿಲಿನಲ್ಲಿ ಕೂಡಿಟ್ಟ ಮೊಟ್ಟೆಯೇ ಕೆಡುತ್ತದೆ. ಮಳೆಗಾಲದಲ್ಲಿ ಕಾವು ಬಂದ ಕೋಳಿಯನ್ನು ನಾನು ಈಗ ಕೂರಿಸುವುದಿಲ್ಲ. ಗಾಳಿಯಾಡುವ ತಂತಿಬಲೆಯ ತಳದ ಪಂಜರದಲ್ಲಿ ಮೂರು ನಾಲ್ಕು ದಿನ ನೀರು, ಆಹಾರ ಕೊಟ್ಟು ಇಟ್ಟರೆ ಹೊಟ್ಟೆಯ ಕೆಳಗಿನ ಬಿಸಿ ಇಳಿದು ಕಾವು ಬಿಡುತ್ತದೆ. ಕಾವು ಬಿಡಿಸಲು ಮೂಗಿಗೆ ಪುಕ್ಕ ಪೋಣಿಸುವುದು, ತಣ್ಣೀರಿನಲ್ಲಿ ಮತ್ತೆ ಮತ್ತೆ ಮುಳುಗಿಸುವುದು ಕ್ರೌರ್ಯ. ದಯವಿಟ್ಟು ಮಾಡಬೇಡಿ.

ಮೊಟ್ಟೆ ಆರಿಸುವುದು

ಅಂಗಡಿಯಿಂದ ತಂದ ಫಾರಂ ಮೊಟ್ಟೆ ಮರಿಯಾಗುವುದಿಲ್ಲ. ಆ ಫಾರಂಗಳಲ್ಲಿ ಹುಂಜವೇ ಇರುವುದಿಲ್ಲ. ಎಂಟು ಹತ್ತು ಹೇಂಟೆಗೆ ಒಂದು ಗಟ್ಟಿಮುಟ್ಟಾದ ಹುಂಜ ಇರುವ ಮನೆಯ ಮೊಟ್ಟೆ ಬೇಕು.

ಬಹಳ ಮನೆಗಳಲ್ಲಿ ಆಗುವ ತಪ್ಪು ಒಂದಿದೆ. ಕೋಳಿ ಇಟ್ಟ ಮೊಟ್ಟೆಗಳನ್ನೆಲ್ಲ ಹಾಗೆಯೇ ಬುಟ್ಟಿಯಲ್ಲಿ ಬಿಟ್ಟು, ಅದು ಕೂತ ದಿನ ಅಷ್ಟನ್ನೂ ಅದರ ಕೆಳಗೇ ಇಟ್ಟುಬಿಡುತ್ತಾರೆ. ನಾಟಿಕೋಳಿ ದಿನ ಬಿಟ್ಟು ದಿನ ಇಡುವುದೂ ಉಂಟು. ಹಾಗಾಗಿ ಹನ್ನೆರಡನೆಯ ಮೊಟ್ಟೆ ಇಡುವ ಹೊತ್ತಿಗೆ ಮೊದಲನೆಯದಕ್ಕೆ ಹದಿನೈದು ಇಪ್ಪತ್ತು ದಿನ ಆಗಿರುತ್ತದೆ. ಒಂದು ವಾರ ದಾಟಿದ ಮೊಟ್ಟೆಯಲ್ಲಿ ಮರಿಯಾಗುವ ಶಕ್ತಿ ದಿನದಿಂದ ದಿನಕ್ಕೆ ಕುಗ್ಗುತ್ತದೆ; ಹತ್ತು ದಿನ ದಾಟಿದ್ದನ್ನು ನಾನು ಸಾರಿಗೆ ಹಾಕುತ್ತೇನೆ. ಆದ್ದರಿಂದ ಬುಟ್ಟಿಯಲ್ಲಿ ಒಂದು ಗೊಡ್ಡು ಮೊಟ್ಟೆಯನ್ನು ಗುರುತಿಗೆ ಬಿಟ್ಟು, ಉಳಿದವನ್ನು ದಿನವೂ ಸಂಜೆ ತೆಗೆದುಕೊಳ್ಳಿ. ಪ್ರತಿ ಮೊಟ್ಟೆಯ ಮೇಲೆ ಪೆನ್ಸಿಲ್‌ನಿಂದ ತಾರೀಕು ಬರೆಯಿರಿ. ಒಂದು ಮಡಕೆಯಲ್ಲಿ ಭತ್ತದ ಹೊಟ್ಟನ್ನೋ ರಾಗಿಯನ್ನೋ ತುಂಬಿ, ಚೂಪಾದ ತುದಿ ಕೆಳಗೆ ಬರುವಂತೆ ಹೂತು, ಮನೆಯ ತಂಪಾದ ಮೂಲೆಯಲ್ಲಿಡಿ. ಫ್ರಿಜ್‌ನಲ್ಲಿ ಇಡಬೇಡಿ. ಮೊಟ್ಟೆ ತೊಳೆಯಬೇಡಿ, ಚಿಪ್ಪಿನ ಮೇಲಿನ ತೆಳು ಲೇಪ ಹೋದರೆ ರೋಗಾಣು ಒಳಗಿಳಿಯುತ್ತದೆ. ಸಗಣಿ, ಮಣ್ಣು ಹತ್ತಿದ್ದರೆ ಒಣಬಟ್ಟೆಯಲ್ಲಿ ಒರೆಸಿ, ತೀರ ಕೊಳಕಾದದ್ದನ್ನು ಬಿಟ್ಟುಬಿಡಿ.

ತೀರ ದೊಡ್ಡದು, ತೀರ ಚಿಕ್ಕದು, ಚಿಪ್ಪು ಒರಟಾದದ್ದು, ಉದ್ದ ಹೆಚ್ಚಾಗಿ ಆಕಾರಗೆಟ್ಟದ್ದು ಬೇಡ. ಎರಡು ಮೊಟ್ಟೆಗಳನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ತಾಗಿಸಿ. ಕಣ್ಣಿಗೆ ಕಾಣದ ಬಿರುಕಿದ್ದರೆ ಒಡಕು ಮಡಕೆಯಂಥ ಸದ್ದು ಬರುತ್ತದೆ.

ಎಷ್ಟು ಇಡಬೇಕು? ಸಾಧಾರಣ ಗಾತ್ರದ ನಾಟಿಕೋಳಿಗೆ ಹತ್ತು. ಚಿಕ್ಕ ಕೋಳಿಗೆ ಎಂಟು. ಕೂತ ಕೋಳಿಯನ್ನು ಮುಂದಿನಿಂದ ನೋಡಿದಾಗ ಒಂದು ಮೊಟ್ಟೆಯೂ ಹೊರಗೆ ಕಾಣಬಾರದು. ಹದಿನೈದು ಇಟ್ಟರೆ ಅಂಚಿನವು ತಣ್ಣಗಾಗುತ್ತವೆ. ಮರುದಿನ ಕೋಳಿ ಅವನ್ನು ನಡುವಿಗೆ ಎಳೆದುಕೊಂಡಾಗ ಬೇರೆ ಎರಡು ಅಂಚಿಗೆ ಬರುತ್ತವೆ. ಹೀಗೆ ಸರದಿಯಂತೆ ಎಲ್ಲವೂ ಕೆಡುತ್ತವೆ.

ಬುಟ್ಟಿ ಮತ್ತು ಜಾಗ

ಒಂದೂವರೆ ಅಡಿ ಅಗಲದ, ಅರ್ಧ ಅಡಿಗಿಂತ ಹೆಚ್ಚು ಆಳವಿಲ್ಲದ ಬಿದಿರ ಬುಟ್ಟಿ ಸಾಕು. ಆಳವಾದರೆ ಕೋಳಿ ಮೇಲಿನಿಂದ ಧುಮುಕಿ ಮೊಟ್ಟೆ ಒಡೆಯುತ್ತದೆ. ತಳಕ್ಕೆ ಎರಡು ಬೆರಳಿನಷ್ಟು ಸಣ್ಣ ಮರಳು ಅಥವಾ ಜರಡಿ ಹಿಡಿದ ಮಣ್ಣು ಹಾಕಿ ಬಟ್ಟಲಿನಂತೆ ನಡುವೆ ತಗ್ಗು ಮಾಡಿ. ಅದರ ಮೇಲೆ ಒಣಗಿದ ಭತ್ತದ ಹುಲ್ಲನ್ನು ಮುರಿದು ಹಾಸಿ. ತಗ್ಗು ಇದ್ದರೆ ಮೊಟ್ಟೆಗಳು ನಡುವಿಗೆ ಉರುಳಿಕೊಂಡು ಒಂದಕ್ಕೊಂದು ಆತುಕೊಂಡಿರುತ್ತವೆ. ಹುಲ್ಲಿನ ಕೆಳಗೆ ಒಂದು ಹಿಡಿ ಬೇವಿನ ಸೊಪ್ಪೋ ಲಕ್ಕಿ ಸೊಪ್ಪೋ ಹಾಕುತ್ತೇವೆ, ಹೇನಿಗೆ. ಗುಡುಗಿಗೆ ಮೊಟ್ಟೆ ಕೆಡುತ್ತದೆ ಎಂದು ಅವ್ವ ಬುಟ್ಟಿಯಲ್ಲಿ ಒಂದು ಕಬ್ಬಿಣದ ಚೂರು, ಒಂದು ಇದ್ದಿಲು ಇಡುತ್ತಿದ್ದಳು. ಗುಡುಗುವ ಕಾಲದಲ್ಲಿ ಮೊಟ್ಟೆ ಕೆಡುವುದು ತೇವದ ಹುಲ್ಲಿನಿಂದ ಎಂಬುದು ನನ್ನ ತಿಳಿವಳಿಕೆ. ಅವಳ ನೆನಪಿಗೆ ಇದ್ದಿಲನ್ನು ನಾನೂ ಇಡುತ್ತೇನೆ, ಹುಲ್ಲು ಒಣಗಿದೆಯೇ ಎಂದೂ ನೋಡುತ್ತೇನೆ.

ಬುಟ್ಟಿ ನೆಲದ ಮೇಲಿರಲಿ. ಅಟ್ಟದ ಮೇಲೋ ಕಿಟಕಿಯ ಮೇಲೋ ಇದ್ದರೆ ಹುಟ್ಟಿದ ಮರಿ ಬೀಳುತ್ತದೆ. ಮಬ್ಬು ಬೆಳಕಿನ, ಜನ ಓಡಾಡದ, ಬೇರೆ ಕೋಳಿಗಳು ಬರಲಾಗದ ಕೋಣೆ ಬೇಕು. ಬೇರೆ ಕೋಳಿ ಬಂದರೆ ಅದೇ ಬುಟ್ಟಿಯಲ್ಲಿ ಹೊಸ ಮೊಟ್ಟೆ ಇಟ್ಟು ಹೋಗುತ್ತದೆ. ಹೆಗ್ಗಣದ ಬಿಲ ಇದ್ದರೆ ಮೊದಲು ಕಲ್ಲು, ಸಿಮೆಂಟಿನಿಂದ ಮುಚ್ಚಿ. ಮೊಟ್ಟೆಯ ವಾಸನೆಗೆ ಕೇರೆಹಾವು, ನಾಗರಹಾವು ಬರುವುದೂ ಇದೆ. ಬಾಗಿಲ ಸಂದು, ನೀರು ಹೋಗುವ ತೂತು, ಗೋಡೆ ಮತ್ತು ಹೆಂಚಿನ ನಡುವಿನ ಬಿಟ್ಟ ಜಾಗ, ಈ ಮೂರನ್ನು ಸಣ್ಣ ಕಣ್ಣಿನ ತಂತಿಬಲೆಯಿಂದ ಬಿಗಿ ಮಾಡಿ. ರಾತ್ರಿ ಬುಟ್ಟಿಗೆ ಕೈ ಹಾಕುವ ಮುನ್ನ ಟಾರ್ಚ್ ಬಿಟ್ಟು ನೋಡುವುದನ್ನು ಮರೆಯಬೇಡಿ.

ಕೋಳಿಯನ್ನು ಹೊಸ ಜಾಗಕ್ಕೆ ಒಯ್ಯುವುದು ಕತ್ತಲಾದ ಮೇಲೆ. ಮೊದಲು ಮೊಟ್ಟೆ ಜೋಡಿಸಿ, ನಂತರ ಕೋಳಿಯನ್ನು ರೆಕ್ಕೆ ಸೇರಿಸಿ ಎರಡೂ ಕೈಯಲ್ಲಿ ಎತ್ತಿ ತಂದು ಬುಟ್ಟಿಯ ಅಂಚಿನಲ್ಲಿ ಇಳಿಸಿ. ಎದೆಯಿಂದ ಮೊಟ್ಟೆಗಳನ್ನು ತಾನೇ ಒಳಗೆಳೆದುಕೊಂಡು ಕೂರುತ್ತದೆ. ಎಲ್ಲ ಮೊಟ್ಟೆಗಳನ್ನೂ ಒಂದೇ ರಾತ್ರಿ ಇಡಬೇಕು. ಮೊದಲ ಮರಿ ಹೊರಬಂದ ಒಂದೆರಡು ದಿನಕ್ಕೆ ತಾಯಿ ಗೂಡು ಬಿಟ್ಟೇಳುವುದರಿಂದ ತಡವಾಗಿ ಸೇರಿಸಿದ ಮೊಟ್ಟೆಗಳ ಮರಿ ಚಿಪ್ಪಿನೊಳಗೇ ಸಾಯುತ್ತದೆ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ, ಅಲ್ಲಿಂದ 21 ದಿನ ಎಣಿಸಿ. ಬಾತುಕೋಳಿ ಮೊಟ್ಟೆಯಾದರೆ 28.

ಆ 21 ದಿನ

ದಿನಕ್ಕೊಮ್ಮೆ ಕೋಳಿ ಎದ್ದು ತಿಂದು, ನೀರು ಕುಡಿದು, ಹಿಕ್ಕೆ ಹಾಕಿ, ಮಣ್ಣಿನಲ್ಲಿ ಹೊರಳಾಡಿ, ಹದಿನೈದು ಇಪ್ಪತ್ತು ನಿಮಿಷಕ್ಕೆ ವಾಪಸು ಬರುತ್ತದೆ. ಅರ್ಧ ಗಂಟೆ ತಡವಾದರೂ ಗಾಬರಿ ಬೇಡ. ಆ ಹಿಕ್ಕೆ ದೊಡ್ಡ ಉಂಡೆಯಾಗಿ ಬಹಳ ನಾರುತ್ತದೆ, ಅದು ರೋಗವಲ್ಲ. ಕೆಲವು ಕೋಳಿಗಳು ಏಳುವುದೇ ಇಲ್ಲ. ಎರಡು ದಿನ ಏಳದಿದ್ದರೆ ರೆಕ್ಕೆಯ ಕೆಳಗೆ ಮೊಟ್ಟೆ ಸಿಕ್ಕಿಕೊಂಡಿಲ್ಲವೆಂದು ನೋಡಿಕೊಂಡು ಮೆಲ್ಲಗೆ ಎತ್ತಿ ಹೊರಗಿಡಿ. ಮೆಕ್ಕೆಜೋಳ, ಭತ್ತ, ರಾಗಿಯಂಥ ಕಾಳು ಸಾಕು. ಕೋಣೆಯ ಇನ್ನೊಂದು ಮೂಲೆಯಲ್ಲಿ ಬೂದಿ ಬೆರೆಸಿದ ನುಣ್ಣನೆಯ ಒಣಮಣ್ಣನ್ನು ಒಂದು ಮಂಕರಿಯಷ್ಟು ಸುರಿದಿಡಿ. ಮಣ್ಣಿನ ಸ್ನಾನ ತಪ್ಪಿದ ಕೋಳಿಯ ಮೈಯಲ್ಲಿ ಹೇನು ತುಂಬಿ, ತುರಿಕೆ ತಡೆಯಲಾರದೆ ಕಾವು ಅರ್ಧಕ್ಕೇ ಬಿಟ್ಟೇಳುತ್ತದೆ.

ಮೊಟ್ಟೆ ಹೊರಳಿಸುವುದು, ತೇವ ನೋಡುವುದು, ಬಿಸಿ ಹೆಚ್ಚು ಕಡಿಮೆ ಮಾಡುವುದು ಎಲ್ಲ ಅದರ ಕೆಲಸ. ಯಂತ್ರದಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಹಿಡಿದಿಡಲು ಮನುಷ್ಯ ಪಡುವ ಪಾಡನ್ನು ನೋಡಿದವರಿಗೆ ಕೋಳಿಯ ಮೇಲಿನ ಗೌರವ ಹೆಚ್ಚುತ್ತದೆ.

ಏಳನೆಯ ರಾತ್ರಿ ಒಮ್ಮೆ ಮೊಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಿ. ರಟ್ಟಿನಲ್ಲಿ ರೂಪಾಯಿ ಅಗಲದ ತೂತು ಮಾಡಿ, ಕೆಳಗಿನಿಂದ ಮೊಬೈಲ್ ಟಾರ್ಚ್ ಹಚ್ಚಿ, ತೂತಿನ ಮೇಲೆ ಮೊಟ್ಟೆಯ ದಪ್ಪ ತುದಿ ಇಡಿ. ನಡುವೆ ಕಪ್ಪು ಚುಕ್ಕೆ, ಸುತ್ತ ಜೇಡರಬಲೆಯಂತೆ ಹರಡಿದ ಕೆಂಪು ನರಗಳು ಕಂಡರೆ ಮರಿ ಬೆಳೆಯುತ್ತಿದೆ. ಒಳಗೆಲ್ಲ ತಿಳಿಯಾಗಿದ್ದರೆ ಗೊಡ್ಡು. ರಕ್ತದ ಒಂದು ಉಂಗುರ ಮಾತ್ರ ಕಂಡರೆ ಮರಿ ಆಗಲೇ ಸತ್ತಿದೆ. ಗೊಡ್ಡು, ಸತ್ತದ್ದನ್ನು ತೆಗೆದುಬಿಡಿ. ಕೊಳೆತ ಮೊಟ್ಟೆ ಗೂಡಿನೊಳಗೆ ಸಿಡಿದರೆ ಉಳಿದ ಮೊಟ್ಟೆಗಳ ಮೇಲೆಲ್ಲ ವಿಷ ಮೆತ್ತಿಕೊಳ್ಳುತ್ತದೆ. ಹದಿನಾಲ್ಕನೆಯ ರಾತ್ರಿ ಇನ್ನೊಮ್ಮೆ ನೋಡಬಹುದು. ಹದಿನೆಂಟನೆಯ ದಿನದಿಂದ ಮೊಟ್ಟೆ ಮುಟ್ಟಬೇಡಿ.

ಮರಿ ಹೊರಬರುವ ಹೊತ್ತು

ಇಪ್ಪತ್ತನೆಯ ದಿನ ಬುಟ್ಟಿಯ ಹತ್ತಿರ ಸುಮ್ಮನೆ ಕೂತು ಕೇಳಿ. ಚಿಪ್ಪಿನೊಳಗಿಂದ ಮರಿ ಸಣ್ಣಗೆ ಕೂಗುತ್ತದೆ, ತಾಯಿ ಗಂಟಲಲ್ಲೇ ಉತ್ತರ ಕೊಡುತ್ತದೆ. ಇಷ್ಟು ವರ್ಷ ಕೋಳಿ ಸಾಕಿದ ಮೇಲೂ ನನಗೆ ಆ ಸದ್ದು ಕೇಳಿದ ದಿನ ಬೇರೆ ಕೆಲಸ ಕೈಗೆ ಹತ್ತುವುದಿಲ್ಲ.

ಮೊದಲ ತೂತು ಬಿದ್ದ ಮೇಲೆ ಮರಿ ಹೊರಬರಲು ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ ಬೇಕಾಗಬಹುದು. ನಡುವೆ ಗಂಟೆಗಟ್ಟಲೆ ಅಲುಗಾಡದೆ ಇರುತ್ತದೆ. ಆಗ ಕನಿಕರದಿಂದ ಚಿಪ್ಪು ಬಿಡಿಸಲು ಹೋಗುತ್ತಾರೆ. ಒಳಪೊರೆಯ ನರಗಳಲ್ಲಿ ಇನ್ನೂ ರಕ್ತ ಓಡಾಡುತ್ತಿರುತ್ತದೆ, ಹೊಟ್ಟೆಯೊಳಗೆ ಭಂಡಾರ, ಅಂದರೆ ಮೊಟ್ಟೆಯ ಹಳದಿ, ಪೂರ್ತಿ ಸೇರಿರುವುದಿಲ್ಲ. ಬಿಡಿಸಿದರೆ ಮರಿ ರಕ್ತ ಸುರಿದು ಸಾಯುತ್ತದೆ. ಕಾಯಿರಿ. ಒಳಗೆ ಸೇರಿದ ಆ ಭಂಡಾರವೇ ಮರಿಗೆ ಎರಡು ದಿನದ ಊಟ, ಹಾಗಾಗಿ ಆಹಾರಕ್ಕೂ ಅವಸರವಿಲ್ಲ. ಇಪ್ಪತ್ಮೂರನೆಯ ದಿನ ಉಳಿದ ಮೊಟ್ಟೆ, ಚಿಪ್ಪು ತೆಗೆದು ಹುಲ್ಲನ್ನು ಸುಟ್ಟುಬಿಡಿ.

ಮೊದಲ ಸಲ ತಾಯಾಗುವ ಕೋಳಿ ಹೊರಬಂದ ಮೊದಲ ಮರಿಯನ್ನು ಕುಕ್ಕುವುದುಂಟು. ಒಂದೆರಡು ಬಾರಿ ಕುಕ್ಕಿ ಸುಮ್ಮನಾದರೆ ಸರಿ. ರಕ್ತ ಬರುವಂತೆ ಕುಕ್ಕಿದರೆ ಮರಿಯನ್ನು ಬಟ್ಟೆಯಲ್ಲಿ ಬೆಚ್ಚಗಿಟ್ಟು, ರಾತ್ರಿ ಕತ್ತಲಲ್ಲಿ ರೆಕ್ಕೆಯ ಕೆಳಗೆ ಸೇರಿಸಿ. ಬೇರೆ ಕಡೆಯಿಂದ ತಂದ ಮರಿಗಳನ್ನು ಸೇರಿಸುವುದೂ ಹೀಗೆಯೇ; ಎರಡು ದಿನಕ್ಕಿಂತ ದೊಡ್ಡವನ್ನು ಅದು ಒಪ್ಪುವುದು ಕಷ್ಟ.

ಮೊದಲ ತಿಂಗಳು: ನಮ್ಮ ಕೆಲಸ ಇಲ್ಲಿಂದ

ಕೋಳಿ ತುಳಿದು ಮರಿ ಸತ್ತೀತೆ ಎಂಬ ಮಾತು ನಮ್ಮ ಕಡೆ ಇದೆ. ನಿಜ, ತಾಯಿಯಿಂದ ಸಾಯುವ ಮರಿ ಕಡಿಮೆ. ಸಾಯುವುದು ನೀರು, ತೇವ, ಹದ್ದು, ಕಾಗೆ, ರೋಗದಿಂದ.

ಮೊದಲ ಹತ್ತು ದಿನ ತಾಯಿ, ಮರಿ ಎಲ್ಲವೂ ದೊಡ್ಡ ಮಂಕರಿಯ ಕೆಳಗೆ. ಹೆಣಿಗೆ ಬಿಡಿಬಿಡಿಯಾಗಿರಲಿ, ಗಾಳಿ ಬೇಕು. ಮೇಲೆ ಒಂದು ಕಲ್ಲು ಹೇರಿ, ಇಲ್ಲದಿದ್ದರೆ ನಾಯಿ ಉರುಳಿಸುತ್ತದೆ. ಅರ್ಧ ನೆರಳು, ಅರ್ಧ ಬಿಸಿಲು ಬರುವ ಜಾಗ ನೋಡಿ, ದಿನವೂ ಮಂಕರಿಯನ್ನು ಎರಡು ಮಾರು ಆಚೆಗೆ ಸರಿಸಿ. ಈ ಸರಿಸುವ ಕೆಲಸ ಸಣ್ಣದೆನಿಸುತ್ತದೆ. ಹಿಕ್ಕೆಯ ತೇವ ನೆಲದಲ್ಲಿ ರಕ್ತಭೇದಿಯ ರೋಗಾಣು ಬಲಿಯುತ್ತದೆ, ಮೂರರಿಂದ ಆರು ವಾರದ ಮರಿಗಳನ್ನು ಅದು ಗುಂಪಿನಲ್ಲೇ ಎತ್ತಿಕೊಂಡು ಹೋಗುತ್ತದೆ. ನಮ್ಮ ಹದಿನೈದು ಮರಿ ಸತ್ತದ್ದು ಹಾಗೆಯೇ. ಹಿಕ್ಕೆಯಲ್ಲಿ ರಕ್ತ ಕಂಡ ದಿನವೇ ಪಶು ಆಸ್ಪತ್ರೆಗೆ ಹೋಗಿ. ನೀರಿಗೆ ಬೆರೆಸುವ ಔಷಧ ಕೊಡುತ್ತಾರೆ, ಅದೇ ದಿನ ಕೊಟ್ಟರೆ ಬಹಳಷ್ಟು ಉಳಿಯುತ್ತವೆ.

ನೀರಿಗೆ ತೆಂಗಿನ ಕರಟ. ಅದರೊಳಗೆ ಬೆಣಚುಕಲ್ಲು ತುಂಬಿ, ಕಲ್ಲಿನ ನಡುವೆ ಕೊಕ್ಕು ಮುಳುಗುವಷ್ಟೇ ನೀರು. ಅಗಲ ತಟ್ಟೆಯಿಟ್ಟರೆ ಮರಿ ಅದರಲ್ಲಿ ಬಿದ್ದು ನೆನೆಯುತ್ತದೆ. ನೆನೆದ ಮರಿ ಬದುಕುವುದು ಕಷ್ಟ. ಮೊದಲ ದಿನ ನೀರಿಗೆ ಸ್ವಲ್ಪ ಬೆಲ್ಲ ಕರಗಿಸಿ.

ಆಹಾರಕ್ಕೆ ಸಣ್ಣ ನುಚ್ಚಕ್ಕಿ, ರಾಗಿ, ನವಣೆ ದಿನಕ್ಕೆ ನಾಲ್ಕು ಸಲ. ಕಾಳಿನಿಂದ ಹೊಟ್ಟೆ ತುಂಬುತ್ತದೆ, ಮೈ ಬೆಳೆಯಲು ಪ್ರೋಟೀನ್ ಬೇಕು. ಅಂಗಡಿಯಲ್ಲಿ ಸಿಗುವ ಮರಿಗಳ ಸ್ಟಾರ್ಟರ್ ಆಹಾರವನ್ನು ಮೊದಲ ತಿಂಗಳು ಕಾಳಿನ ಜೊತೆ ಬೆರೆಸಿ ಕೊಡಿ. ದುಡ್ಡು ಉಳಿಸಬೇಕೆಂದರೆ ಗೆದ್ದಲು. ಹಳೆಯ ಮಡಕೆಗೆ ಒಣಸಗಣಿ, ಹುಲ್ಲು, ಗೋಣಿತುಂಡು ತುಂಬಿ, ನೀರು ಚಿಮುಕಿಸಿ, ಹುತ್ತದ ಬಳಿ ಸಂಜೆ ಬೋರಲು ಹಾಕಿ ಬಂದರೆ ಮರುದಿನ ಬೆಳಿಗ್ಗೆ ಮಡಕೆಯೊಳಗೆ ಗೆದ್ದಲು ತುಂಬಿರುತ್ತದೆ. ಬಿಸಿಲೇರುವ ಮೊದಲು ತಂದು ಮಂಕರಿಯೊಳಗೆ ಕೊಡವಿ.

ತಾಯಿ ಮರಿಗಳ ಪಾಲನ್ನೂ ತಿಂದುಬಿಡುತ್ತದೆ, 21 ದಿನ ಅರೆಹೊಟ್ಟೆಯಲ್ಲಿ ಕೂತು ಸೊರಗಿದ ಜೀವ. ಅದಕ್ಕೆ ಮೊದಲು ಪ್ರತ್ಯೇಕವಾಗಿ ಕಾಳು ಹಾಕಿ ತಣಿಸಿ. ಅಂಗಳಕ್ಕೆ ಬಿಡುವ ಕಾಲ ಬಂದಾಗ ಇನ್ನೊಂದು ಬುಟ್ಟಿಯನ್ನು ಎರಡು ಇಟ್ಟಿಗೆಯ ಮೇಲೆ ಬೋರಲು ಹಾಕಿ ಅದರ ಕೆಳಗೆ ಮರಿಗಳ ಆಹಾರ ಇಡಿ. ಮರಿಗಳು ನುಸುಳುತ್ತವೆ, ತಾಯಿ ನುಸುಳಲಾರದು.

ಹನ್ನೊಂದನೆಯ ದಿನದಿಂದ ಇಬ್ಬನಿ ಆರಿದ ಮೇಲೆ ಬಿಡಿ, ಸಂಜೆ ಐದಕ್ಕೆ ಒಳಗೆ ಸೇರಿಸಿ. ಮೊದಲ ವಾರ ತಾಯಿಯ ಕಾಲಿಗೆ ಬಟ್ಟೆಯ ಪಟ್ಟಿ ಸುತ್ತಿ, ಉದ್ದದ ಹುರಿಯಿಂದ ಗೂಟಕ್ಕೆ ಕಟ್ಟಿದರೆ ಮರಿಗಳು ಅದರ ಸುತ್ತಲೇ ಇರುತ್ತವೆ. ನೀವು ಹತ್ತಿರ ಇರುವಾಗ ಮಾತ್ರ ಕಟ್ಟಿ, ಕಟ್ಟಿದ ಕೋಳಿ ನಾಯಿಗೆ ಸುಲಭದ ತುತ್ತು. ಬಯಲು ಅಂಗಳಕ್ಕಿಂತ ದಾಸವಾಳ, ಹರಳುಗಿಡದ ಪೊದೆ ಇರುವ ಕಡೆ ಒಳ್ಳೆಯದು. ಹದ್ದಿನ ನೆರಳು ಕಂಡೊಡನೆ ತಾಯಿ ಒಂದು ಉದ್ದನೆಯ ಕೂಗು ಹಾಕುತ್ತದೆ, ಮರಿಗಳು ಕಣ್ಣುಮಿಟುಕಿಸುವಷ್ಟರಲ್ಲಿ ಪೊದೆಯಡಿ ಮಾಯವಾಗುತ್ತವೆ. ಪೊದೆ ಇಲ್ಲದ ಅಂಗಳದಲ್ಲಿ ಆ ಕೂಗಿನಿಂದ ಏನೂ ಪ್ರಯೋಜನವಿಲ್ಲ. ರಾತ್ರಿಗೆ ಕಬ್ಬಿಣದ ಬಲೆಯ, ಬೀಗ ಹಾಕಿದ ಗೂಡು. ಬಟ್ಟೆ, ಹಗ್ಗದ ಬಾಗಿಲನ್ನು ಕಾಡುಬೆಕ್ಕು ತೆಗೆಯುತ್ತದೆ.

ಲಸಿಕೆ

ನಮ್ಮ ಊರುಗಳಲ್ಲಿ ಕೊಕ್ಕರೆ ರೋಗ ಎನ್ನುವ ರಾಣಿಖೇತ್ ಬಂದರೆ ಹಟ್ಟಿಯ ಕೋಳಿಗಳೆಲ್ಲ ವಾರದೊಳಗೆ ಖಾಲಿ. ಅದಕ್ಕೆ ಔಷಧವಿಲ್ಲ, ಲಸಿಕೆ ಇದೆ. ಐದರಿಂದ ಏಳನೆಯ ದಿನದೊಳಗೆ ಲಸೋಟಾ ಅಥವಾ ಎಫ್-1 ಎಂಬ ಲಸಿಕೆ, ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ. ನಾಲ್ಕನೆಯ ವಾರ ಲಸೋಟಾ ಇನ್ನೊಮ್ಮೆ. ಆರನೆಯ ವಾರದ ಸುಮಾರಿಗೆ ಸಿಡುಬಿನ ಲಸಿಕೆ. ಸಿಡುಬನ್ನು ಸೊಳ್ಳೆ ಹರಡುತ್ತದೆ. ಎಂಟರಿಂದ ಹತ್ತನೆಯ ವಾರದಲ್ಲಿ ಮತ್ತೆ ರಾಣಿಖೇತ್‌ಗೇ ಆರ್-2ಬಿ ಎಂಬ ಚುಚ್ಚುಮದ್ದು. ಮರಿಗಳ ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸುವ ಗುಂಬೊರೊ ಎಂಬ ರೋಗ ಇರುವ ಪ್ರದೇಶವಾದರೆ ಎರಡನೆಯ ವಾರ ಅದಕ್ಕೂ ಹಾಕಿಸಬೇಕು, ನಿಮ್ಮ ಪಶುವೈದ್ಯರನ್ನು ಕೇಳಿ.

ಸೀಸೆಯಲ್ಲಿ ನೂರಾರು ಮರಿಗಳಿಗಾಗುವಷ್ಟು ಲಸಿಕೆ ಇರುತ್ತದೆ, ಬೆರೆಸಿದ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತು ಮರಿಗೆ ಯಾರು ತರುತ್ತಾರೆ ಎಂದು ಬಿಡುವುದೇ ಹೆಚ್ಚು. ನಾವು ಐದು ಮನೆಯವರು ಮಾತಾಡಿಕೊಂಡು ಒಂದೇ ವಾರ ಕೋಳಿ ಕೂರಿಸುತ್ತೇವೆ. ಒಬ್ಬರು ಥರ್ಮಾಸ್‌ನಲ್ಲಿ ಐಸ್ ಇಟ್ಟು ಲಸಿಕೆ ತರುತ್ತಾರೆ, ಒಂದೇ ಸಂಜೆ ಐದೂ ಮನೆಗೆ ಹೋಗಿ ಹನಿ ಹಾಕುತ್ತೇವೆ. ಪಕ್ಕದ ಮನೆಯ ಕೋಳಿ ಆರೋಗ್ಯವಾಗಿದ್ದರೆ ನಮ್ಮದೂ ಉಳಿಯುತ್ತದೆ. ನಮ್ಮ ಲೆಕ್ಕ ಸುಧಾರಿಸಿದ್ದರಲ್ಲಿ ಈ ಒಪ್ಪಂದದ ಪಾಲು ದೊಡ್ಡದು. ಕಳೆದ ಸಲ 19 ಮರಿಗಳಲ್ಲಿ 15 ಅರವತ್ತು ದಿನ ದಾಟಿದವು.

ತಾಯಿ ದೂರ ಮಾಡುವ ದಿನ

ಎಂಟರಿಂದ ಹತ್ತು ವಾರದ ನಡುವೆ ಒಂದು ದಿನ ತಾಯಿ ಕಾಳು ಕಂಡಾಗ ಮರಿಗಳನ್ನು ಕರೆಯುವುದು ನಿಲ್ಲಿಸಿ, ಹತ್ತಿರ ಬಂದವನ್ನು ಕುಕ್ಕಿ ಓಡಿಸುತ್ತದೆ. ಆ ರಾತ್ರಿ ಅಟ್ಟ ಹತ್ತಿ ಮಲಗುತ್ತದೆ, ಕೆಲವೇ ದಿನಗಳಲ್ಲಿ ಮತ್ತೆ ಮೊಟ್ಟೆ ಶುರು. ಮರಿಗಳು ಎರಡು ಮೂರು ರಾತ್ರಿ ಗೂಡಿನ ಮೂಲೆಯಲ್ಲಿ ಒತ್ತಿಕೊಂಡು ಮಲಗುತ್ತವೆ; ಅಲ್ಲಿ ಒಣಹುಲ್ಲು ದಪ್ಪಗೆ ಹಾಸಿ.

ಕಾವು ಕೂರುವ, ಮರಿ ಕಾಯುವ ಗುಣ ತಾಯಿಯಿಂದ ಮಗಳಿಗೆ ಬರುತ್ತದೆ. ಆದ್ದರಿಂದ ಹತ್ತರಲ್ಲಿ ಎಂಟು ಮರಿ ಉಳಿಸಿಕೊಂಡ ಕೋಳಿಯ ಹೇಂಟೆಮರಿಗಳ ಕಾಲಿಗೆ ಬಣ್ಣದ ದಾರ ಕಟ್ಟಿ, ಮಾರದೆ ಇಟ್ಟುಕೊಳ್ಳಿ. ಕಾಲು ದಪ್ಪವಾದಂತೆ ದಾರ ಬಿಗಿಯುತ್ತದೆ, ತಿಂಗಳಿಗೊಮ್ಮೆ ಬಿಚ್ಚಿ ಕಟ್ಟಬೇಕು. ಅದೇ ಗುಂಪಿನ ಹುಂಜವನ್ನು ಅವುಗಳ ಜೊತೆ ಬಿಡದೆ, ಬೇರೆ ಊರಿನವರ ಹುಂಜದ ಜೊತೆ ಬದಲಾಯಿಸಿಕೊಳ್ಳಿ. ಆರೇಳು ತಿಂಗಳಿಗೆ ಅವು ಇಡುವ ಮೊದಲ ಸಾಲಿನ ಮೊಟ್ಟೆ ಚಿಕ್ಕದಾಗಿರುತ್ತದೆ. ಅದನ್ನು ಮನೆಗೆ ಬಳಸಿಕೊಂಡು, ಎರಡನೆಯ ಸಾಲಿಗೆ ಬುಟ್ಟಿ ಸಿದ್ಧ ಮಾಡಿ.